ಎರಡು ಫೋಟೋ, ಒಂದು ದೂರು

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಕೆಗೆ 34 ವರ್ಷ. ಕಾಲೇಜು ಮುಗಿಯುವ ಮೊದಲೇ ಬೆಂಗಳೂರಿಗೆ ಬಂದು ಎಂಟು ವರ್ಷ ಮಾಡೆಲಿಂಗ್ ಮಾಡಿದವರು. ಫ್ಯಾಷನ್ ಶೋ, ಸೀರೆ ಅಂಗಡಿಗಳ ಜಾಹೀರಾತು, ಆಗೊಮ್ಮೆ ಈಗೊಮ್ಮೆ ಮುಂಬೈಯಲ್ಲಿ ಕ್ಯಾಟಲಾಗ್ ಕೆಲಸ. ಮದುವೆಯಾದ ಮೇಲೆ ಗಂಡನ ಊರು ಸೇರಿದರು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು ಅಲ್ವಾ, ಅವರ ಕ್ಷೇತ್ರವೂ ಮೀಸಲಾಯಿತು. ಮನೆಯವರೇ ನಿಲ್ಲಿಸಿದರು, ಗೆದ್ದರು. ಆಮೇಲೆ ಅಧ್ಯಕ್ಷೆಯೂ ಆದರು.

ನಿದ್ದೆ ಬರಲ್ಲ, ಊಟ ಸೇರಲ್ಲ, ಗ್ರಾಮಸಭೆ ಅಂದರೆ ಕೈ ನಡುಗುತ್ತದೆ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಅರ್ಧ ಗಂಟೆ ಇದೇ ಮಾತು. ಕೊನೆಗೆ ಮೊಬೈಲ್ ತೆಗೆದು ಮೇಜಿನ ಮೇಲೆ ಬೋರಲು ಇಟ್ಟರು. "ನೀವೂ ನೋಡಿರ್ತೀರಿ ಮೇಡಂ" ಎಂದರು. ನಾನು ನೋಡಿರಲಿಲ್ಲ.

ಊರಿನ ವಾಟ್ಸಾಪ್ ಗುಂಪಿನಲ್ಲಿ ಅವರ ಎರಡು ಫೋಟೋ ಓಡಾಡುತ್ತಿದ್ದವು. ಒಂದು, ಯಾರದೋ ಬೆತ್ತಲೆ ಮೈಗೆ ಇವರ ಮುಖ ಅಂಟಿಸಿದ್ದು. ಇನ್ನೊಂದು ನಿಜದ್ದೇ. 23ನೇ ವಯಸ್ಸಿನಲ್ಲಿ ಈಜುಡುಗೆಯ ಕ್ಯಾಟಲಾಗ್‌ಗೆ ತೆಗೆಸಿದ್ದು.

ಖೋಟಾ ಫೋಟೋದಿಂದಲೇ ಜಾಸ್ತಿ ನೋವಾಗಿದೆ ಎಂದುಕೊಂಡು ನಾನು ಅದನ್ನೇ ಹಿಡಿದು ಮಾತಾಡಿದೆ. ಅದು ನನ್ನ ತಪ್ಪು. ಎರಡನೇ ಭೇಟಿಯಲ್ಲಿ ಆಕೆಯೇ ಹೇಳಿದರು: "ಅದು ನಾನಲ್ಲ ಮೇಡಂ, ಯಾರು ಕೇಳಿದರೂ ಹೇಳಬಲ್ಲೆ. ಇನ್ನೊಂದಿದೆಯಲ್ಲ, ಅದು ನನಗೆ ತುಂಬಾ ಇಷ್ಟವಾದ ಫೋಟೋ. ಆ ದುಡ್ಡಲ್ಲೇ ಅಪ್ಪನ ಕಣ್ಣಿನ ಆಪರೇಷನ್ ಮಾಡಿಸಿದ್ದು. ಈಗ ಅದನ್ನೂ ಸುಳ್ಳು ಅನ್ನು ಅಂತಿದಾರೆ."

ಹಾಗೆ ಅನ್ನುತ್ತಿದ್ದವರು ಗಂಡ. ಅವರನ್ನೂ ಒಮ್ಮೆ ಕರೆಸಿದೆ. ಕೆಟ್ಟ ಮನುಷ್ಯ ಅಲ್ಲ, ಹೆದರಿದ ಮನುಷ್ಯ. "ಎರಡೂ ಖೋಟಾ ಅಂದುಬಿಟ್ಟರೆ ಮುಗೀತಲ್ಲ" ಎಂಬುದು ಅವರ ಲೆಕ್ಕ. ನಾನು ಖಡಾಖಂಡಿತ ಬೇಡ ಎಂದೆ. ಸಾಮಾನ್ಯವಾಗಿ ಇಂಥದ್ದು ಮಾಡಿ, ಇಂಥದ್ದು ಬಿಡಿ ಎಂದು ಹೇಳುವವಳಲ್ಲ ನಾನು. ಇಲ್ಲಿ ಹೇಳಿದೆ. ನಾಳೆ ಯಾರೋ ಆ ಹಳೇ ಕ್ಯಾಟಲಾಗನ್ನೇ ತಂದು ತೋರಿಸಿದರೆ, ಖೋಟಾ ಫೋಟೋ ಮೇಲಿನ ನಿಜವಾದ ದೂರನ್ನೂ ಯಾರೂ ನಂಬಲ್ಲ. ಅದಕ್ಕಿಂತ ಹೆಚ್ಚಾಗಿ, ಈಕೆ ತನ್ನ ಎಂಟು ವರ್ಷದ ದುಡಿಮೆಯನ್ನೇ ತನ್ನ ಬಾಯಿಂದ ಇಲ್ಲ ಎಂದಂತಾಗುತ್ತದೆ. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

2022ರಲ್ಲಿ ಉತ್ತರ ಪ್ರದೇಶದ ಹಸ್ತಿನಾಪುರದಲ್ಲಿ ಕಾಂಗ್ರೆಸ್ಸಿನಿಂದ ನಿಂತ ಅರ್ಚನಾ ಗೌತಮ್ ಅವರ ವಿಷಯ ಹೇಳಿದೆ. 2018ರ ಮಿಸ್ ಬಿಕಿನಿ ಇಂಡಿಯಾ. ಟಿಕೆಟ್ ಸಿಕ್ಕ ತಕ್ಷಣ ಹಳೇ ಫೋಟೋಗಳೆಲ್ಲ ಹೊರಬಂದವು. ಅವರು ಅಲ್ಲಗಳೆಯಲಿಲ್ಲ. ಆ ಕೆಲಸ ಬೇರೆ, ಈ ಕೆಲಸ ಬೇರೆ ಎಂದರು.

"ಅವರು ಸೋತರಲ್ವಾ ಮೇಡಂ?"

ಹೌದು, ಸೋತರು. ಒಪ್ಪಿಕೊಂಡರೆ ಗೆಲ್ತೀರಿ ಎಂದು ನಾನೂ ಹೇಳಲಿಲ್ಲ. ಇಟಲಿಯ ಮಾರಾ ಕಾರ್ಫಾನ್ಯಾ ಕೂಡ ಮಾಡೆಲ್ ಆಗಿದ್ದವರೇ. 2008ರಲ್ಲಿ ಮಂತ್ರಿಯಾದಾಗ ಜಗತ್ತಿನ ಪತ್ರಿಕೆಗಳು ಅವರ ಹಳೇ ಕ್ಯಾಲೆಂಡರ್ ಚಿತ್ರಗಳನ್ನೇ ಹಾಕಿದವು. ಮರುವರ್ಷ ಆ ದೇಶದಲ್ಲಿ ಹಿಂಬಾಲಿಸಿ ಪೀಡಿಸುವುದನ್ನು ಅಪರಾಧವಾಗಿಸಿದ ಕಾನೂನು ಬಂತು. ಅದನ್ನು ಮುಂದೆ ನಿಂತು ತಂದವರಲ್ಲಿ ಅವರೂ ಒಬ್ಬರು. ಇದಕ್ಕೆ ಆಕೆ ಏನೂ ಹೇಳಲಿಲ್ಲ. ಹೆಸರು ಮಾತ್ರ ಬರೆದುಕೊಂಡರು.

ಖೋಟಾ ಫೋಟೋಗೆ ದಾರಿ ಸರಳ. ಡಿಲೀಟ್ ಮಾಡುವ ಮೊದಲು, ಕಳಿಸಿದವರ ನಂಬರ್, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ ಎಂದೆ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಪೊಲೀಸ್ ಠಾಣೆಗೆ ಹೋಗಬಹುದು, ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಅಶ್ಲೀಲ ಚಿತ್ರ ಹರಡುವವರಿಗೆ ಐಟಿ ಕಾಯ್ದೆಯ 67ನೇ ಸೆಕ್ಷನ್ ಇದೆ. ಗುಂಪಿನಲ್ಲಿ ಜಗಳಕ್ಕೆ ಇಳಿಯಬೇಡಿ, ಅತ್ತು ವಿಡಿಯೋ ಹಾಕಬೇಡಿ. ನಿದ್ದೆ, ಊಟದ ವಿಷಯಕ್ಕೆ ಮನೋವೈದ್ಯರ ಹತ್ತಿರ ಕಳಿಸಿದೆ.

ನಿಜದ ಫೋಟೋಗೆ ಒಂದೇ ಉತ್ತರ ಸಿದ್ಧ ಮಾಡಿಕೊಂಡೆವು. ಆಕೆಯೇ ಕಟ್ಟಿದ ಮಾತು: "ಅದು ನನ್ನ ಕೆಲಸವಾಗಿತ್ತು. ನೀರಿನ ವಿಷಯ ಹೇಳಿ."

ಕೈ ನಡುಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಧ್ಯಕ್ಷೆಗೆ ಜಂಬ, ಮುಖ ಕೊಟ್ಟು ಮಾತಾಡಲ್ಲ ಎಂದು ಊರಲ್ಲಿ ಮಾತಿತ್ತಂತೆ. ಸಭೆಗೆ ಹೇಗೆ ಬರ್ತೀರಿ, ತೋರಿಸಿ ಎಂದೆ. ನನ್ನ ಬಾಗಿಲಿಂದ ಕಿಟಕಿವರೆಗೆ ನಡೆದರು. ನಗು ಇಲ್ಲ, ದೃಷ್ಟಿ ನೇರ ಕಿಟಕಿಯ ಮೇಲೆ. ಪಕ್ಕದಲ್ಲೇ ನಾನು ಕೂತಿದ್ದೆ, ಕಾಣಲೇ ಇಲ್ಲ ಅವರಿಗೆ! ರ‍್ಯಾಂಪಿನಲ್ಲಿ ಅಕ್ಕಪಕ್ಕ ನೋಡಬಾರದು, ತುದಿಯ ಕ್ಯಾಮೆರಾಗಳನ್ನಷ್ಟೇ ನೋಡಬೇಕು. ಎಂಟು ವರ್ಷ ಕಲಿತದ್ದು ಹಾಗೇ ಮೈಯಲ್ಲಿ ಉಳಿದಿತ್ತು. ಗೊತ್ತಾದಾಗ ಜೋರಾಗಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸುಮ್ನೆ ಒಂದು ಅಭ್ಯಾಸ ಕೊಟ್ಟೆ. ದಿನಾ ಒಬ್ಬರ ಜೊತೆ, ಅವರ ಮಾತು ಮುಗಿಯುವವರೆಗೆ ಮುಖ ನೋಡುತ್ತಾ ನಿಲ್ಲಬೇಕು. ತರಕಾರಿಯವಳಿಂದ ಶುರು ಮಾಡಿದರು.

ಐದನೇ ಭೇಟಿಗೆ ಬಂದಾಗ ದೂರು ಇನ್ನೂ ತನಿಖೆಯಲ್ಲೇ ಇತ್ತು. ಗ್ರಾಮಸಭೆ ಮುಗಿದಿತ್ತು. ಹಿಂದಿನ ಸಾಲಿನಿಂದ ಯಾರೋ ಹುಡುಗ ಮೊಬೈಲ್ ಎತ್ತಿ ತೋರಿಸಿದನಂತೆ. ಸಿದ್ಧ ಮಾಡಿಕೊಂಡ ಉತ್ತರ ಬಾಯಿಗೆ ಬರಲೇ ಇಲ್ಲವಂತೆ. ಅಷ್ಟರಲ್ಲಿ ಮುಂದೆ ಕೂತಿದ್ದ ಅಜ್ಜಿ ಎದ್ದು, "ಅದಿರ್ಲಿ, ನಮ್ ಕೇರಿ ನಲ್ಲೀಲಿ ನೀರ್ ಯಾವಾಗ ಬಿಡ್ತೀಯವ್ವ?" ಎಂದು ಕೇಳಿದರಂತೆ.

"ಅಜ್ಜಿ ಮುಖ ನೋಡ್ಕೊಂಡೇ ಉತ್ತರ ಕೊಟ್ಟೆ ಮೇಡಂ" ಎಂದರು. "ಸೋಮವಾರ ಅಂದಿದೀನಿ. ಪೈಪ್ ಇನ್ನೂ ಬಂದಿಲ್ಲ."