ಮನೆಯಲ್ಲೇ ಪಾಠ, ಹೊರಗೆ ಮಳೆ: ಸೋಮವಾರಪೇಟೆಯ ಪತ್ರಕ್ಕೆ ಸಂಪಾದಕರ ಉತ್ತರ

ಕೊಡಗಿನ ಸೋಮವಾರಪೇಟೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ, ಇನ್ನೂ ಎರಡು ತುಂಬದ ಪಾಪು. ದೊಡ್ಡವರಿಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. ಜುಲೈ ತಿಂಗಳ ಒಂದು ವಾರ ಹೇಗೆ ಹೋಯಿತು ಅಂತ ದಿನ ದಿನದ್ದೂ ಬರೆದಿದ್ದಾರೆ. ಸೋಮವಾರ ಲೆಕ್ಕ ಶುರು ಮಾಡಿದ ಹೊತ್ತಿಗೆ ಕರೆಂಟ್ ಹೋಯಿತು. ಮಂಗಳವಾರ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬರಿಗೆ ಜ್ವರ, ಇವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಮಕ್ಕಳು ಅಜ್ಜಿ ಜೊತೆ ಅಕ್ಕಿ ರೊಟ್ಟಿ ಸುಟ್ಟರು. ಬುಧವಾರ ನೆಟ್‌ವರ್ಕ್ ಇಲ್ಲ, ಆನ್‌ಲೈನ್ ಇಂಗ್ಲಿಷ್ ಕ್ಲಾಸ್ ತಪ್ಪಿತು. ಗುರುವಾರ ಹಿತ್ತಲಿನ ಚರಂಡಿ ಕಟ್ಟಿಕೊಂಡು ಬೀನ್ಸ್ ಮಡಿಯೆಲ್ಲ ನೀರು. ಶುಕ್ರವಾರ ಬಸವನಹುಳು ಹೆಕ್ಕಿದರು. ಶನಿವಾರ ನೆಂಟರು ಬಂದರು, ಅವರಲ್ಲೊಬ್ಬರು ಎಲ್ಲರೆದುರೇ ಕೇಳಿದರು, "ಮಕ್ಕಳನ್ನು ಹೀಗೇ ಬಿಟ್ರೆ ಮುಂದೆ ಏನು ಗತಿ?" ಕೊನೆಯಲ್ಲಿ ಅವರ ಪ್ರಶ್ನೆ: "ವಾರ ಮುಗಿದಾಗ ಅರ್ಧ ಪಾಠ ಹಾಗೇ ಉಳಿದಿರುತ್ತೆ. ನಾನು ಮಕ್ಕಳಿಗೆ ಮೋಸ ಮಾಡ್ತಿದ್ದೀನಾ?"

ಪ್ರಿಯ ಸಹೋದರಿ,

ಮೋಸ ಅಲ್ಲ. ಇಷ್ಟು ಚಿಂತೆ ಮಾಡಿ, ದಿನಾ ಏನಾಯಿತು ಅಂತ ಬರೆದಿಟ್ಟು, ಧೈರ್ಯವಾಗಿ ಕೇಳುವ ತಾಯಿ ಮಕ್ಕಳಿಗೆ ಮೋಸ ಮಾಡುವವಳಲ್ಲ. ಆದರೆ ಹಿತ್ತಲ ಕೆಲಸ, ಅಡುಗೆ ಕೆಲಸ ಎಲ್ಲವೂ ಪಾಠವೇ, ಏನೂ ಚಿಂತೆ ಬೇಡ ಅಂತ ನಾನು ಬರೆಯುವುದಿಲ್ಲ. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಹುಳು ಹೆಕ್ಕಿದ ಮಗು ಹುಳು ಹೆಕ್ಕಿತು ಅಷ್ಟೇ. ಎಷ್ಟು ಸಿಕ್ಕಿತು, ಎಲ್ಲಿ ಜಾಸ್ತಿ ಇತ್ತು, ಯಾಕೆ ಅಲ್ಲೇ ಜಾಸ್ತಿ ಅಂತ ಕೂತು ಯೋಚಿಸಿ ಬರೆದಾಗ ಅದು ಪಾಠವಾಗುತ್ತದೆ. ನಿಮ್ಮ ವಾರದಲ್ಲಿ ಕೆಲಸಕ್ಕೆ ಕಮ್ಮಿ ಇಲ್ಲ. ಕೂತು ಬರೆಯುವ ಆ ಹೊತ್ತು ಮಾತ್ರ ಇಲ್ಲ.

ಅದಕ್ಕೂ ಮುಂಚೆ ಇನ್ನೊಂದು ಮಾತು. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಚರಂಡಿ ವಿಷಯದ ನಡುವೆ, ಒಂದೇ ಸಾಲು ಇದೆ: "ಮಗ ಇನ್ನೂ ಸರಿಯಾಗಿ ಓದಲ್ಲ, ಒತ್ತಕ್ಷರ ಬಂದರೆ ಪುಸ್ತಕ ಮುಚ್ಚಿಡ್ತಾನೆ." ಪತ್ರ ಪೂರ್ತಿ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇದೊಂದೇ. ಉಳಿದುಹೋದ ಲೆಕ್ಕ ಮುಂದಿನ ವಾರ ಮಾಡಬಹುದು, ತಪ್ಪಿದ ಇಂಗ್ಲಿಷ್ ಕ್ಲಾಸಿನಿಂದ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಎಂಟು ವರ್ಷದ ಹುಡುಗ ಓದಲು ಹಿಂಜರಿಯುತ್ತಿದ್ದರೆ ಅದನ್ನು ಮುಂದಕ್ಕೆ ಹಾಕಬಾರದು. ಓದು ಬಂದರೆ ಬೇರೆಯದನ್ನೆಲ್ಲ ಅವನೇ ಹುಡುಕಿಕೊಳ್ಳುತ್ತಾನೆ. ಬಾರದಿದ್ದರೆ ಪ್ರತಿಯೊಂದಕ್ಕೂ ನಿಮ್ಮ ಬಾಯಿ ನೋಡಬೇಕಾಗುತ್ತದೆ, ಆಮೇಲೆ ನಾಚಿಕೆ ಶುರುವಾಗುತ್ತದೆ.

ಹಾಗಾಗಿ ಬೆಳಿಗ್ಗೆ ತಿಂಡಿ ಆದ ತಕ್ಷಣ ಒಂದೂವರೆ ಗಂಟೆ ತೆಗೆದಿಡಿ. ಓದು, ಬರವಣಿಗೆ, ಲೆಕ್ಕ, ಇಷ್ಟೇ. ಇದಕ್ಕೆ ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಕಿಟಕಿ ಹತ್ತಿರ ಕೂರಲು ಜಾಗ, ಒಂದು ಪುಸ್ತಕ, ಒಂದು ನೋಟ್‌ಬುಕ್ ಸಾಕು. ಮಗನ ಪಾಲಿಗೆ ಅದರಲ್ಲಿ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದುವುದು. ಅವನ ವಯಸ್ಸಿನ ಪುಸ್ತಕ ಕಷ್ಟವಾದರೆ ಎರಡು ವರ್ಷ ಕೆಳಗಿನದು ಕೊಡಿ, ಅದರಲ್ಲಿ ಅವಮಾನ ಏನೂ ಇಲ್ಲ. ಒತ್ತಕ್ಷರಕ್ಕೆ ಅವನಿಗೆ ಗೊತ್ತಿರುವ ಮಾತುಗಳಿಂದಲೇ ಹೊರಡಿ: ರೊಟ್ಟಿ, ಕಿತ್ತಳೆ, ಗದ್ದೆ, ಬೆಲ್ಲ, ಅಜ್ಜಿ. ಇವೆಲ್ಲ ಅದೇ ಅಕ್ಷರಕ್ಕೆ ಅದೇ ಒತ್ತು. ಅದು ಸಲೀಸಾದ ಮೇಲೆ ಹಸ್ತ, ವಸ್ತು, ಚಕ್ರ. ತಪ್ಪು ಓದಿದಾಗ ತಕ್ಷಣ ತಿದ್ದಬೇಡಿ, ಸಾಲು ಮುಗಿಯಲಿ. ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿ, ಎಷ್ಟೋ ಮಕ್ಕಳಿಗೆ ತೊಂದರೆ ಇರುವುದು ಅಲ್ಲೇ. ಇಷ್ಟೆಲ್ಲ ಮಾಡಿಯೂ ಪುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ಏನೂ ಬದಲಾವಣೆ ಕಾಣದಿದ್ದರೆ, ಅಕ್ಷರಗಳು ಅದಲುಬದಲಾಗುತ್ತಲೇ ಇದ್ದರೆ, ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿ. ಡಿಸ್ಲೆಕ್ಸಿಯಾ ಸೋಮಾರಿತನ ಅಲ್ಲ, ದಡ್ಡತನವೂ ಅಲ್ಲ. ಕಲಿಸುವ ರೀತಿ ಬೇರೆ ಬೇಕು ಅಷ್ಟೇ, ಬೇಗ ಗೊತ್ತಾದಷ್ಟು ಒಳ್ಳೆಯದು.

ಆ ಒಂದೂವರೆ ಗಂಟೆ ಆದ ದಿನ, ದಿನದ ಪಾಠ ಆಯಿತು ಅಂತಲೇ ಲೆಕ್ಕ. ಆಮೇಲೆ ಚರಂಡಿ ಕಟ್ಟಿಕೊಳ್ಳಲಿ, ನೆಂಟರು ಬರಲಿ. ಈಗ ನೀವು ಶಾಲೆಯ ವೇಳಾಪಟ್ಟಿಯನ್ನು ಹಾಗೇ ಗೋಡೆಗೆ ಅಂಟಿಸಿಕೊಂಡಿದ್ದೀರಿ, ದಿನಕ್ಕೆ ಆರು ಪೀರಿಯಡ್. ಶಾಲೆಯಲ್ಲಿ ಆರು ಪೀರಿಯಡ್ ನಡೆಯುವುದು ಅಲ್ಲಿನ ಟೀಚರ್ ಪೀರಿಯಡ್ ನಡುವೆ ಪಾಪುವಿಗೆ ಗಂಜಿ ತಿನ್ನಿಸುವುದಿಲ್ಲ, ಒಲೆ ನೋಡುವುದಿಲ್ಲ ಎಂಬ ಕಾರಣಕ್ಕೆ. ಆ ಪಟ್ಟಿಯನ್ನು ತೆಗೆದುಬಿಡಿ. ನಲವತ್ತು ಮಕ್ಕಳಿಗೆ ಬೇಕಾದ ಹೊತ್ತು ಇಬ್ಬರಿಗೆ ಬೇಕಿಲ್ಲ.

ಉಳಿದ ಹೊತ್ತಿನ ಬಗ್ಗೆ ನನಗೆ ನಿಜಕ್ಕೂ ಆಸೆ ಇದೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಪೇಟೆಯ ಮಕ್ಕಳಿಗೆ ಸಿಗದ ಸಾಮಾನು ರಾಶಿ ಬಿದ್ದಿದೆ. ನಿಮ್ಮ ಮಾವ ದಿನಾ ಬೆಳಿಗ್ಗೆ ಮಳೆ ಅಳತೆ ನೋಡಿ ಡೈರಿಯಲ್ಲಿ ಬರೆಯುತ್ತಾರೆ, ಮಗಳು ಕೊಡೆ ಹಿಡಿದು ಜೊತೆಗೆ ಹೋಗುತ್ತಾಳೆ ಅಂತ ಬರೆದು ಸುಮ್ನೆ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! ನಮ್ಮ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟಲ್ಲಿ ಬರೆಯುತ್ತಾರೆ, ನೂರು ಸೆಂಟ್ ಅಂದರೆ ಒಂದು ಇಂಚು. ದಶಮಾಂಶ ಅಂದರೆ ಇದೇ ಅಲ್ವಾ? 3 ಇಂಚು 45 ಸೆಂಟ್ ಅಂದರೆ 3.45. ಅದನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಈಗ ಮಗಳು ಮನೆಯ ಉದ್ದ ಅಗಲ ಅಳೆಯಲಿ. ಮನೆಯ ಮಾಡು ನೂರು ಚದರ ಮೀಟರ್ ಜಾಗ ಮುಚ್ಚಿದ್ದರೆ, ಮೂರು ಇಂಚು ಮಳೆಯ ದಿನ ಅದರ ಮೇಲೆ ಬಿದ್ದದ್ದು 7,620 ಲೀಟರ್. ಆ ನೀರೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಿ. ಬೀನ್ಸ್ ಮಡಿಗೆ ಯಾಕೆ ನೀರು ನುಗ್ಗಿತು ಅಂತ ಅವಳಿಗೇ ಹೊಳೆಯುತ್ತದೆ, ಚರಂಡಿ ಎಷ್ಟು ಅಗಲ ಬೇಕು ಅಂತಲೂ.

ಮಾವನವರ ಹಳೇ ಡೈರಿಗಳನ್ನೂ ತೆಗೆಸಿ. ಹತ್ತು ವರ್ಷದ ಜುಲೈ ತಿಂಗಳ ಮೊತ್ತ ಕೂಡಿಸಿ ಸರಾಸರಿ ತೆಗೆಯಲಿ, ಗ್ರಾಫ್ ಹಾಕಲಿ. 2018ರ ಆಗಸ್ಟ್ ಪುಟ ಬಂದಾಗ ಅಜ್ಜ ತಾವಾಗಿಯೇ ಮಾತಾಡುತ್ತಾರೆ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದ ದಿನಗಳು ಅವು. ನಿಮ್ಮ ಮಕ್ಕಳಿಗೆ ಅವು ನೆನಪಿರಲಾರವೇನೋ. ಮಣ್ಣು ನೀರು ಕುಡಿದು ಭಾರವಾದಾಗ ಏನಾಗುತ್ತದೆ, ಇಳಿಜಾರನ್ನು ರಸ್ತೆಗೋ ಮನೆಗೋ ನೇರವಾಗಿ ಕಡಿದರೆ ಅದಕ್ಕೆ ಆಸರೆ ಹೇಗೆ ತಪ್ಪುತ್ತದೆ ಅಂತ ಮಕ್ಕಳಿಗೆ ಹೇಳಲು ಬೇರೆ ಪುಸ್ತಕ ಬೇಕಾಗಿಲ್ಲ. ಹೆದರಿಸಬೇಡಿ. ಆದರೆ ಕೊಡಗಿನ ಮಕ್ಕಳು ಇದನ್ನು ತಿಳಿದು ಬೆಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಸವನಹುಳು ವಿಷಯದಲ್ಲಿ ಒಂದು ಎಚ್ಚರಿಕೆ. ಮಕ್ಕಳು ಬರಿಗೈಯಲ್ಲಿ ಹೆಕ್ಕುತ್ತಾರೆ ಅಂತ ಬರೆದಿದ್ದೀರಿ. ಬೇಡ. ಆಫ್ರಿಕನ್ ಬಸವನಹುಳು ಮನುಷ್ಯರಿಗೆ ಕಾಯಿಲೆ ತರುವ ಜಂತುಗಳನ್ನು ಹೊತ್ತಿರಬಹುದು. ಗ್ಲೌಸ್ ಹಾಕಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಕೈಗೆ ಸುತ್ತಿಕೊಳ್ಳಲಿ, ಆಮೇಲೆ ಸೋಪ್ ಹಾಕಿ ತೊಳೆಯಲಿ. ಪಾಪುವನ್ನು ಹತ್ತಿರ ಬಿಡಬೇಡಿ. ಹಿತ್ತಲ ಸೊಪ್ಪನ್ನೂ ಮಳೆಗಾಲದಲ್ಲಿ ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಸಂಜೆ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಅಲ್ಲಲ್ಲಿ ಹಾಕಿಟ್ಟರೆ ಹುಳು ಅದರಡಿಗೆ ಬಂದು ಸೇರುತ್ತವೆ, ಕತ್ತಲಾದ ಮೇಲೆ ದೊಡ್ಡವರು ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಬಹುದು. ಮಕ್ಕಳು ಎಣಿಸಿ ಬರೆದುಕೊಳ್ಳಲಿ. ಇನ್ನು ಬೀನ್ಸ್ ವಿಷಯ: ಈ ಮಳೆಯಲ್ಲಿ ತೆರೆದ ಮಡಿಯಲ್ಲಿ ಬೀನ್ಸ್ ಜೊತೆ ಗುದ್ದಾಡಿ ಸುಸ್ತಾಗಬೇಡಿ, ಮಳೆ ಹಿಡಿತಕ್ಕೆ ಬಂದ ಮೇಲೆ ಮಡಿ ಎತ್ತರ ಮಾಡಿ ಹಾಕಿ. ಈಗ ಕೆಸ ಇದೆ, ಎಳೆ ಬಿದಿರಿನ ಕಣಿಲೆ ಇದೆ, ತಾನಾಗಿ ಬಂದದ್ದನ್ನೇ ತಿನ್ನುವ ಕಾಲ ಇದು. ಆಗಸ್ಟ್ ಶುರುವಿನಲ್ಲಿ ಮದ್ದುಸೊಪ್ಪು ಬೇಯಿಸುವಾಗ ನೇರಳೆ ಬಣ್ಣದ ನೀರನ್ನು ಎರಡು ಲೋಟ ಎತ್ತಿಡಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಸ್ವಲ್ಪ ಅಡುಗೆ ಸೋಡಾ. ಬಣ್ಣ ಏನಾಗುತ್ತದೆ ಅಂತ ಮುಂಚೆ ಊಹಿಸಿ ಬರೆಯಲಿ, ಆಮೇಲೆ ಕಂಡದ್ದನ್ನು ಬರೆಯಲಿ. ಊಹೆ ತಪ್ಪಾದರೆ ಅಳಿಸಬಾರದು.

ಈಗ ನಿಮ್ಮ ಮನೆಯವರ ವಿಷಯ. ನಾಲ್ಕು ಪುಟದಲ್ಲಿ ಅವರು ಬಂದದ್ದು ಎರಡೇ ಕಡೆ, ಒಮ್ಮೆ ಊಟಕ್ಕೆ, ಒಮ್ಮೆ ಜೀಪ್ ರಿಪೇರಿಗೆ. ಮನೆಯಲ್ಲಿ ಕಲಿಸುವ ನಿರ್ಧಾರ ಇಬ್ಬರದು ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಕೆಲಸವೂ ಇಬ್ಬರದು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ, ಒಪ್ಪಿದೆ. ಜುಲೈನಲ್ಲಿ ಸಂಜೆ ಹೊತ್ತು ಸಿಗುತ್ತದೆ. ಮಗ ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಳ್ಳುವ ಕೆಲಸ ಅವರಿಗೆ ಕೊಡಿ. ಮಗಳಿಗೆ ಶೇಕಡಾ ಲೆಕ್ಕ ಅರ್ಥವಾಗುತ್ತಿಲ್ಲ ಅಂದಿರಲ್ಲ, ಅದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಿಕೊಡಲಾರರು. 50 ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯಲ್ಲಿ 26 ಕೆ.ಜಿ. ಬೀಜ ಬಂದರೆ ಓ.ಟಿ. (ಔಟ್‌ಟರ್ನ್, ಮೂಟೆಗೆ ಸಿಗುವ ಬೀಜದ ತೂಕ) 26, ಅಂದರೆ ಶೇಕಡಾ 52. ಓ.ಟಿ. ಅರ್ಧ ಕೆ.ಜಿ. ಕಮ್ಮಿಯಾದರೆ ಮೂಟೆಗೆ ಎಷ್ಟು ಹಣ ಹೋಯಿತು, ನೂರು ಮೂಟೆಗೆ ಎಷ್ಟು? ತಮ್ಮ ಮನೆಯ ಹಣದ ಲೆಕ್ಕ ಅಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ. ಅಜ್ಜಿಗೂ ಪಾಲು ಇರಲಿ. ಮನೆಯಲ್ಲಿ ಅರೆಭಾಷೆ ಆಡುತ್ತೀರಿ, ಅಜ್ಜಿ ಅರೆಭಾಷೆಯಲ್ಲಿ ಹೇಳಿದ ಕಥೆಯನ್ನು ಮಗಳು ವಾರಕ್ಕೊಂದು ಬರೆದಿಡಲಿ, ಮೊದಲು ಅಜ್ಜಿ ಹೇಳಿದ ಹಾಗೆ, ಆಮೇಲೆ ಶಾಲೆಯ ಕನ್ನಡದಲ್ಲಿ.

ನೆಂಟರ ಪ್ರಶ್ನೆಗೆ ಬರೋಣ. ಅವರ ಮಾತು ನೋವು ತಂದಿರಬಹುದು, ಪ್ರಶ್ನೆ ಮಾತ್ರ ಸರಿಯಾದದ್ದೇ, ಉತ್ತರ ನಿಮ್ಮ ಹತ್ತಿರ ಇರಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 6ರಿಂದ 14 ವರ್ಷದ ಮಕ್ಕಳಿಗೆ. ಮನೆಯಲ್ಲಿ ಕಲಿಸುವುದಕ್ಕೆ ಅದರಲ್ಲಿ ಪ್ರತ್ಯೇಕ ಒಪ್ಪಿಗೆಯೂ ಇಲ್ಲ, ನಿಷೇಧವೂ ಇಲ್ಲ. 10ನೇ ಸೆಕ್ಷನ್ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ, ಸೇರಿಸದವರಿಗೆ ದಂಡ ಅಂತ ಕಾಯ್ದೆ ಹೇಳುವುದಿಲ್ಲ. ಇದನ್ನು ತಿಳಿದೇ ಮುಂದುವರಿಯಿರಿ. 4ನೇ ಸೆಕ್ಷನ್ ನಿಮಗೆ ಧೈರ್ಯ ಕೊಡಬೇಕು: ಶಾಲೆಯ ಹೊರಗಿರುವ ಮಗು ತನ್ನ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು. ಬಾಗಿಲು ಮುಚ್ಚಿಲ್ಲ. ಹತ್ತನೇ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಎನ್‌ಐಓಎಸ್ ಅಂತಾರಲ್ಲ ಅದು, 1989ರಲ್ಲಿ ಶುರುವಾದದ್ದು. 14 ತುಂಬಿರಬೇಕು, ಐದು ವಿಷಯ ಪಾಸಾಗಬೇಕು, ಒಮ್ಮೆ ನೋಂದಣಿ ಮಾಡಿಸಿದರೆ ಐದು ವರ್ಷದೊಳಗೆ ಮುಗಿಸಬಹುದು. ಮಗಳಿಗೆ ಇನ್ನೂ ಮೂರು ವರ್ಷ ಇದೆ. ಯಾವ ವಿಷಯ, ಯಾವ ಮಾಧ್ಯಮ ಅಂತ ಈಗಿನಿಂದಲೇ ವಿಚಾರಿಸಿಡಿ. ಅವಳಿಗೆ ಶಾಲೆಗೆ ಹೋಗಬೇಕು ಅನ್ನಿಸಿದರೆ ಕಳಿಸಿ, ವರ್ಷಕ್ಕೊಮ್ಮೆಯಾದರೂ ಅವಳನ್ನೇ ಕೇಳಿ. ಹನ್ನೊಂದು ವರ್ಷದ ಹುಡುಗಿಗೆ ಓರಗೆಯ ಗೆಳತಿಯರು ಬೇಕು. ತಮ್ಮ ಇದ್ದಾನಲ್ಲ ಅಂದರೆ ಅದು ಸಾಲದು.

ಗೆಳತಿಯರು ಅಂದೆ. ಲೈನ್ ಮನೆಯ ಮಕ್ಕಳ ಜೊತೆ ಇವರಿಬ್ಬರೂ ಆಡುತ್ತಾರೆ ಅಂತ ಬರೆದಿದ್ದೀರಿ, ಓದಿ ಸಂತೋಷವಾಯಿತು. ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ನಿಮಗೆ ಶಾಲೆ ಬೇಡ ಅನ್ನುವ ಆಯ್ಕೆ ಇತ್ತು, ಮನೆಯಲ್ಲಿ ಪುಸ್ತಕ ಇತ್ತು, ಓದಿದ ತಾಯಿ ಇದ್ದರು. ಆ ಮಕ್ಕಳಿಗೆ ಸರ್ಕಾರಿ ಶಾಲೆ ಬಿಟ್ಟರೆ ಬೇರೆ ದಾರಿ ಇಲ್ಲ, ಅಪ್ಪ ಅಮ್ಮ ಕೆಲಸಕ್ಕೆ ಅಂತ ಬೇರೆ ತೋಟಕ್ಕೆ ಹೋದರೆ ಅದೂ ತಪ್ಪುತ್ತದೆ. "ಶಾಲೆಗೆ ಹೋದರೂ ಏನು ಕಲೀತಾರೆ" ಅಂತ ನಿಮ್ಮ ಪತ್ರದಲ್ಲಿ ಒಂದು ಮಾತಿದೆ. ಆ ಮಾತನ್ನು ಅವರ ಮುಂದೆ ಆಡಬೇಡಿ. ಯಜಮಾನರ ಮನೆಯಿಂದ ಬಂದ ಮಾತಿಗೆ ತೂಕ ಜಾಸ್ತಿ, ಅದನ್ನು ಕೇಳಿ ಒಬ್ಬ ತಾಯಿ ಮಗಳನ್ನು ಶಾಲೆ ಬಿಡಿಸಿ ಪಾಪು ನೋಡಿಕೊಳ್ಳಲು ಕೂರಿಸಿದರೆ? ಬದಲಿಗೆ ಸಂಜೆ ಶಾಲೆ ಬಿಟ್ಟ ಮೇಲೆ ಅವರನ್ನೂ ಜಗಲಿಗೆ ಕರೆಯಿರಿ. ನಿಮ್ಮ ಮಗ ಓದುವ ಕೆಳಗಿನ ತರಗತಿಯ ಪುಸ್ತಕವನ್ನೇ ಅವರೂ ಓದಲಿ, ಸರದಿ ಮೇಲೆ ಒಂದೊಂದು ಪುಟ. ಒಬ್ಬನೇ ಓದುವಾಗ ನಾಚುವ ಹುಡುಗ ನಾಲ್ವರ ನಡುವೆ ಸಲೀಸಾಗಿ ಓದುವುದು ಉಂಟು. ಅವರ ಶಾಲೆಯ ಟೀಚರ್ ಪರಿಚಯವನ್ನೂ ಮಾಡಿಕೊಳ್ಳಿ, ಮಗನ ಓದಿನ ವಿಷಯ ಅವರನ್ನೂ ಕೇಳಿ. ವರ್ಷಾನುಗಟ್ಟಲೆ ಅಕ್ಷರ ಕಲಿಸಿದವರು, ನನಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ನಿಮ್ಮ ಕೊನೆಯ ಸಾಲು, "ನನಗೆ ಅಂತ ಒಂದು ಗಂಟೆಯೂ ಸಿಗಲ್ಲ" ಅನ್ನುವುದು. ಮಧ್ಯಾಹ್ನ ಪಾಪು ಮಲಗಿದಾಗ ದೊಡ್ಡವರಿಬ್ಬರೂ ಅವರವರ ಪಾಡಿಗೆ ಏನಾದರೂ ಮಾಡಿಕೊಳ್ಳಲಿ, ಓದಲಿ, ಚಿತ್ರ ಬರೆಯಲಿ, ಬೇಜಾರಾದರೆ ಬೇಜಾರಾಗಲಿ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯಲು ಎದ್ದು ಹೋಗಬೇಡಿ.

ಮಗಳು ಮಳೆ ಡೈರಿಯ ಗ್ರಾಫ್ ಹಾಕಿದರೆ ನಮಗೆ ಕಳಿಸಲು ಹೇಳಿ. ಜೊತೆಗೆ ಅಜ್ಜ ಏನಂದರು ಅಂತ ಒಂದು ಪುಟ ಬರೆಯಲಿ, ಅವಳ ಕೈಬರಹದಲ್ಲೇ. ಈ ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಊರಿನ ಹೆಸರು ಹಾಕಬಹುದೋ ಬೇಡವೋ ಅಂತ ನೀವೇ ಬರೆದು ತಿಳಿಸಿ.

ಸಂಪಾದಕ