ಹಳೇ ಅಕ್ವೇರಿಯಂಗೆ ಯಾವ ನಿಪ್ಪಲ್, ಯಾವ ಪೈಪು?

ಪ್ರಶ್ನೆ: ವರ್ಗವಾಗಿ ಹೋದ ಅಧಿಕಾರಿಯೊಬ್ಬರಿಂದ ಹಳೇ ಮೀನಿನ ಟ್ಯಾಂಕ್ ಕೊಂಡಿದ್ದೇನೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಮೂಲೆಯಲ್ಲಿ, ಮೇಲ್ಮಟ್ಟದ ನೀರು ತುಂಬಿ ಒಳಗೆ ಬೀಳಲೆಂದು, ಕಪ್ಪು ಗಾಜಿನ ಓವರ್‌ಫ್ಲೋ ಪೆಟ್ಟಿಗೆ ಇದ್ದು, ಅದರ ತಳದಲ್ಲಿ 45 ಎಂಎಂನ ಒಂದು, 38 ಎಂಎಂನ ಒಂದು ತೂತು ಇವೆ. ದೊಡ್ಡ ತೂತಿಗೆಂದು ಒಂದು ಇಂಚಿನ ಟ್ಯಾಂಕ್ ನಿಪ್ಪಲ್ ತಂದರೆ ಅದು ಗಡಗಡ ಆಡುತ್ತದೆ. ಸಣ್ಣದರಲ್ಲಿ ಹಳೇ ಫಿಟ್ಟಿಂಗ್ ಸಿಕ್ಕಿಕೊಂಡಿದೆ, ತಿರುಗುವುದೇ ಇಲ್ಲ. ಕೆಳಗೆ ಸಂಪ್, ಅಂದರೆ ಇನ್ನೊಂದು ಟ್ಯಾಂಕ್, ಇಟ್ಟು ನೀರು ತಿರುಗಿಸುವ ಆಸೆ. ಏನೇನು ಕೊಳ್ಳಲಿ?
— ಒಬ್ಬ ಶಿಕ್ಷಕಿ, ವಿಜಯಪುರ

ಉತ್ತರ: ಅಕ್ಕಾವ್ರೆ, ನಿಮ್ಮ ಟ್ಯಾಂಕಿನಲ್ಲಿ ದೋಷವಿಲ್ಲ. ಆ ತೂತುಗಳನ್ನು ಗಾಜಿನ ತೂತಿನಲ್ಲಿ ಕೂತು ಪೈಪು ಜೋಡಿಸಿಕೊಡುವ, ಅಮೆರಿಕದ ಅಳತೆಯ ಬಲ್ಕ್‌ಹೆಡ್‌ಗೆಂದು ಕೊರೆದಿದ್ದಾರೆ. 45ರದ್ದು ಒಂದು ಇಂಚಿಗೆ, ಅದರಲ್ಲಿ ನೀರು ಇಳಿಯುತ್ತದೆ. 38ರದ್ದು ಮುಕ್ಕಾಲು ಇಂಚಿಗೆ, ಅದರಲ್ಲಿ ಪಂಪಿನ ನೀರು ಮೇಲೆ ಬರುತ್ತದೆ. ನೀವು ತಂದದ್ದು ಮನೆ ಮೇಲಿನ ನೀರಿನ ಟ್ಯಾಂಕಿನ ನಿಪ್ಪಲ್. ನಮ್ಮ ಕೌಂಟರಿನಲ್ಲಿ ಅದಕ್ಕೆ ಒಂದು ಇಂಚು ಅಂದರೂ ಅದರ ಆಟೆಯ (ಥ್ರೆಡ್) ಹೊರ ಅಳತೆ ಸುಮಾರು 33 ಎಂಎಂ. 45ರ ತೂತಿನಲ್ಲಿ ಅದು ಹೇಗೆ ನಿಂತೀತು?

ಅಕ್ವೇರಿಯಂ ಅಂಗಡಿಯವರು ಸರಿಯಾದ ಬಲ್ಕ್‌ಹೆಡ್ ತರಿಸಿಕೊಟ್ಟರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಸಿಗದಿದ್ದರೆ ದೊಡ್ಡ ತೂತಿಗೆ ಒಂದೂಕಾಲು ಇಂಚಿನ ನಿಪ್ಪಲ್ (ಆಟೆ ಸುಮಾರು 42 ಎಂಎಂ), ಸಣ್ಣದಕ್ಕೆ ನೀವು ಈಗಾಗಲೇ ತಂದಿರುವ ಒಂದು ಇಂಚಿನದೇ ಸಾಕು. ಕಂಪನಿಯಿಂದ ಕಂಪನಿಗೆ ಒಂದಿಷ್ಟು ಹೆಚ್ಚುಕಮ್ಮಿ ಇರುತ್ತದೆ. ಅದಕ್ಕೇ ದಪ್ಪ ರಟ್ಟಿನಲ್ಲಿ ತೂತಿನಷ್ಟೇ ದೊಡ್ಡ ಬಿಲ್ಲೆ ಕತ್ತರಿಸಿ ಅಂಗಡಿಗೆ ಒಯ್ಯಿರಿ. ನಿಪ್ಪಲ್‌ನ ಆಟೆ ಬಿಲ್ಲೆಗಿಂತ ಸಣ್ಣದಿರಬೇಕು, ರಬ್ಬರ್ ವಾಷರ್ ಬಿಲ್ಲೆಯನ್ನು ದಾಟಿ ಸುತ್ತಲೂ ಗಾಜಿನ ಮೇಲೆ ಅಗಲವಾಗಿ ಕೂಡ್ರಬೇಕು. ಪೆಟ್ಟಿಗೆಯ ಗೋಡೆಗೆ ಅದರ ತಲೆ ತಾಗುತ್ತದೋ ಇಲ್ಲವೋ ಅನ್ನುವುದನ್ನೂ ಮನೆಯಲ್ಲಿಯೇ ಅಳೆದುಕೊಂಡು ಹೋಗಿ. ರಬ್ಬರ್ ನೀರಿನ ಕಡೆ, ಅಂದರೆ ಪೆಟ್ಟಿಗೆಯ ಒಳಗೆ ಇರಲಿ. ನಟ್ ಕೆಳಗಿನಿಂದ ಬರಲಿ. ಕೈಯಿಂದ ಬಿಗಿಮಾಡಿ, ಆಮೇಲೆ ಪಾನಾದಿಂದ ಕಾಲು ಸುತ್ತು, ಅಷ್ಟೇ. ಇನ್ನೂ ಬಿಗಿದರೆ ಗಾಜು ಒಡೆಯುತ್ತದೆ. ಅಲ್ಲಿ ಸಿಲಿಕಾನ್ ಬಳಿಯುವ ಅಗತ್ಯವಿಲ್ಲ.

ಸಿಕ್ಕಿಕೊಂಡ ಹಳೇ ಫಿಟ್ಟಿಂಗ್ ಜೊತೆ ಜಟಾಪಟಿ ಬೇಡ. ಕೆಲವು ಬಲ್ಕ್‌ಹೆಡ್‌ಗಳ ನಟ್ ಉಲ್ಟಾ ಆಟೆಯದು, ನಾವು ಬಿಚ್ಚುತ್ತೇವೆ ಅಂದುಕೊಂಡು ಬಿಗಿಯುತ್ತಿರುತ್ತೇವೆ. ಎರಡೂ ಕಡೆ ಮೆಲ್ಲಗೆ ತಿರುಗಿಸಿ ನೋಡಿ. ಆಗಲೂ ಬಗ್ಗದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಬಟ್ಟೆ ಸುತ್ತಿ ಹಿಡಿದು, ನಟ್‌ನ ಒಂದು ಬದಿಯನ್ನು ನಿಧಾನಕ್ಕೆ ಕೊಯ್ಯಿರಿ. ಗಾಜಿಗೆ ಇನ್ನೇನು ತಾಗುತ್ತದೆ ಅನ್ನುವಾಗ ನಿಲ್ಲಿಸಿ, ಆ ಸೀಳಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಹೊರಳಿಸಿದರೆ ನಟ್ ಬಾಯಿ ಬಿಡುತ್ತದೆ. ನೂರೋ ಇನ್ನೂರೋ ರೂಪಾಯಿಯ ಫಿಟ್ಟಿಂಗ್ ಹೋದರೆ ಹೋಗಲಿ, ತಳದ ಗಾಜು ಉಳಿಯಬೇಕು.

ಇನ್ನು ಪೈಪು. ನಮ್ಮೂರಲ್ಲಿ ದ್ರಾಕ್ಷಿ, ದಾಳಿಂಬೆ ತೋಟಗಳಿಂದಾಗಿ ಡ್ರಿಪ್ ಅಂಗಡಿಗಳಿಗೆ ಕೊರತೆಯಿಲ್ಲ, ಹಾಗಾಗಿ ಬಹಳ ಮಂದಿ ಅಲ್ಲಿಂದಲೇ ಪೈಪು ತರುತ್ತಾರೆ. ಅಲ್ಲಿ ಒಂದು ಇಂಚು ಅಂದರೆ 32 ಎಂಎಂನ ಕೃಷಿ ಪೈಪು. ಮನೆ ನಳದ ಬಿಳಿ ಯುಪಿವಿಸಿಯ ಒಂದು ಇಂಚಿಗೆ ಹೊರ ಅಳತೆ 33.4 ಎಂಎಂ. ಬಿಸಿನೀರಿನ ಸಿಪಿವಿಸಿಗೆ ಬರೀ 28.6. ಮೂರನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ, ಒಂದರೊಳಗೆ ಒಂದು ಕೂಡುವುದಿಲ್ಲ. 32ರ ಪೈಪನ್ನು 33.4ರ ಎಲ್ಬೋದಲ್ಲಿ ಸಲ್ಯೂಷನ್ ತುಂಬಿಸಿ ಕೂಡ್ರಿಸುವವರನ್ನು ದಿನಾ ನೋಡುತ್ತೇನೆ, ಮನಸ್ಸು ಚುರ್ ಅನ್ನುತ್ತದೆ. ಆ ಜೋಡು ಒಂದಲ್ಲ ಒಂದು ದಿನ ಸೋರಿಯೇ ಸೋರುತ್ತದೆ, ಕೆಳಗೆ ಸ್ವಿಚ್‌ಬೋರ್ಡ್ ಇರುತ್ತದೆ. ನೀವು ಪೈಪು, ಎಲ್ಬೋ, ಟೀ, ಯೂನಿಯನ್, ರೆಡ್ಯೂಸರ್ ಎಲ್ಲವನ್ನೂ ಬಿಳಿ ಯುಪಿವಿಸಿಯಲ್ಲೇ ತಗೊಳ್ಳಿ, ಅದರದ್ದೇ ಸಲ್ಯೂಷನ್ ಬಳಸಿ. ಹಚ್ಚಿದ ಮೇಲೆ ಒಂದು ದಿನ ಒಣಗಲು ಬಿಡಿ, ತೊಳೆದು ಆಮೇಲೆ ನೀರು ತುಂಬಿ. ನಿಪ್ಪಲ್‌ನ ಕೆಳಗೆ ಒಂದೊಂದು ಯೂನಿಯನ್ ಇದ್ದರೆ ಮುಂದೆ ಬಿಚ್ಚಿ ತೊಳೆಯಲು ಸಲೀಸು.

ಇಳಿಯುವ ಪೈಪು ಗೊಳಗೊಳ ಸದ್ದು ಮಾಡಬಾರದೆಂದರೆ ಪೆಟ್ಟಿಗೆಯೊಳಗೆ ನಿಲ್ಲುವ ಪೈಪಿನ ತಲೆಗೆ ಟೀ ಹಾಕಿ. ಟೀಯ ಪಕ್ಕದ ಬಾಯಿಗೆ ಎಲ್ಬೋ ಕೆಳಮುಖವಾಗಿರಲಿ, ಮೇಲಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ ಅದರಲ್ಲಿ ಗಾಳಿಗೆ ಸಣ್ಣ ತೂತು ಕೊರೆಯಿರಿ. ನಿಮ್ಮ ಟ್ಯಾಂಕ್ ಹೆಚ್ಚುಕಡಿಮೆ 250 ಲೀಟರಿನದು. ಗಂಟೆಗೆ 1,000ದಿಂದ 1,200 ಲೀಟರ್ ನೀರು ನಿಜವಾಗಿ ಮೇಲೆ ಬಂದರೆ ಸಾಕು, ಈ ಪೈಪು ಅದನ್ನು ಆರಾಮಾಗಿ ಇಳಿಸುತ್ತದೆ.

ಕರೆಂಟ್ ಹೋದಾಗಿನ ಮಾತು ಇನ್ನೂ ಮುಖ್ಯ. ಪಂಪ್ ನಿಂತ ಕೂಡಲೇ ಮೇಲೆ ಹೋಗುವ ಪೈಪೇ ನೀರನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಒಂದು ಇಂಚು ನೀರು ಇಳಿದರೆ ಸುಮಾರು 14 ಲೀಟರ್ ಸಂಪಿಗೆ ಬಂತು ಅಂತ ಲೆಕ್ಕ. ಪೈಪಿನ ಬಾಯಿ ನೀರಿನೊಳಗೆ ನಾಲ್ಕು ಇಂಚು ಮುಳುಗಿದ್ದರೆ ಸಂಪ್ ತುಂಬಿ ನೆಲಕ್ಕೆ ಹರಿಯುತ್ತದೆ. ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಒಂದನ್ನೇ ನಂಬಬೇಡಿ, ಒಳಗೆ ಕಸ ಕೂತರೆ ಅದು ಮುಚ್ಚುವುದಿಲ್ಲ. ಪೈಪಿನ ಬಾಯನ್ನು ಮೇಲೆಯೇ ಇಡಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ. ನೀರು ಅಲ್ಲಿಗೆ ಇಳಿದೊಡನೆ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಆ ತೂತಿನ ಸುತ್ತ ಬಿಳಿ ಉಪ್ಪು ಕಟ್ಟುತ್ತದೆ, ಗಾಜು ಒರೆಸುವ ದಿನ ಸೇಫ್ಟಿ ಪಿನ್ನಿನಿಂದ ಚುಚ್ಚಿ ಬಿಡಿಸಿ. ಮೀನು ಬಿಡುವ ಮೊದಲೇ ಪಂಪಿನ ಸ್ವಿಚ್ ಆರಿಸಿ, ನೀರು ಇಳಿದು ನಿಂತ ಮೇಲೆ ಸಂಪಿನ ಗಾಜಿಗೆ ಮಾರ್ಕರಿನಿಂದ ಗೆರೆ ಎಳೆಯಿರಿ. ಅಂಚಿಗೆ ಮೂರು ಬೆರಳಾದರೂ ಜಾಗ ಉಳಿದಿರಬೇಕು.

ಪ್ರಶ್ನೆ: ಮನೆಯಲ್ಲಿ ಹಿತ್ತಾಳೆಯ ಬಾಲ್ ವಾಲ್ವ್ ಉಳಿದಿದೆ. ಅಕ್ವೇರಿಯಂ ಪೈಪಿಗೆ ಹಾಕಬಹುದೇ? ಸೀಗಡಿ ಸಾಕಿದ್ದೇನೆ.
— ಓದುಗ, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡ. ಹಿತ್ತಾಳೆಯಲ್ಲಿ ತಾಮ್ರ ಇದೆ, ಅದು ನೀರಿಗೆ ಬಿಟ್ಟರೆ ಸೀಗಡಿ, ಬಸವನಹುಳು ಸಾಯುತ್ತವೆ. ಜಿಐ (ಸತು ಲೇಪಿಸಿದ ಕಬ್ಬಿಣ) ಕೂಡ ಬೇಡ. ಪ್ಲಾಸ್ಟಿಕ್ ವಾಲ್ವ್ ತಂದು ಪಂಪಿನಿಂದ ಮೇಲೆ ಹೋಗುವ ಪೈಪಿಗೆ ಹಾಕಿ. ನೀರು ಇಳಿಯುವ ಪೈಪು ಒಂದೇ ಇದ್ದರೆ ಅದಕ್ಕೆ ಯಾವ ವಾಲ್ವೂ ಬೇಡ, ಯಾರಾದರೂ ಅರ್ಧ ಮುಚ್ಚಿದರೆ ಮೇಲಿನ ಟ್ಯಾಂಕ್ ತುಂಬಿ ಚೆಲ್ಲುತ್ತದೆ.