ಹೊಡೆದವನು ನಿಮ್ಮ ವಾಕ್ಯದಲ್ಲಿ ಇಲ್ಲ

ನಮಸ್ಕಾರ,

ಸುದ್ದಿ ಮಾಧ್ಯಮಗಳು ಹೆಣ್ಣುಮಕ್ಕಳನ್ನು ಹೇಗೆ ತೋರಿಸುತ್ತವೆ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 'ಮಾಧ್ಯಮ ಸಮಾಜದ ಕನ್ನಡಿ' ಅನ್ನುವುದನ್ನು ಓದುಗರು ಸಾಕಷ್ಟು ಸಲ ಓದಿದ್ದಾರೆ. ಸುದ್ದಿಯಲ್ಲಿ ಹೆಣ್ಣಿಗೆ ಜಾಗ ಕಡಿಮೆ ಅಂತ ನಾಲ್ಕು ಕಡೆ ಹೇಳಿದ್ದೀರಿ, ಎಷ್ಟು ಕಡಿಮೆ ಅಂತ ಒಂದು ಕಡೆಯೂ ಇಲ್ಲ. ಇದಕ್ಕೆ ಲೆಕ್ಕ ಇದೆ. ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್‌ನವರು 1995ರಿಂದ ಐದು ವರ್ಷಕ್ಕೊಮ್ಮೆ ಒಂದು ದಿನ ಆರಿಸಿಕೊಂಡು ಹಲವು ದೇಶಗಳ ಸುದ್ದಿ ಕೂತು ಎಣಿಸುತ್ತಾರೆ. ಸುದ್ದಿಯಲ್ಲಿ ಕಾಣಿಸಿಕೊಂಡವರು, ಮಾತಾಡಿದವರಲ್ಲಿ ಹೆಂಗಸರು 1995ರಲ್ಲಿ ಶೇ 17, 2020ರಲ್ಲಿ ಶೇ 25. ಇಪ್ಪತ್ತೈದು ವರ್ಷದಲ್ಲಿ ಆಗಿದ್ದು ಅಷ್ಟೇ. ಲೇಖನಕ್ಕೆ ಇದು ಬೇಕು.

ಈಗ ನನಗೆ ಜಾಸ್ತಿ ಬೇಜಾರಾದ ವಾಕ್ಯ. 'ಪತಿಯೊಂದಿಗೆ ಜಗಳವಾಡಿದ ಇಬ್ಬರು ಮಕ್ಕಳ ತಾಯಿಯ ಮೇಲೆ ಮಾರಣಾಂತಿಕ ಹಲ್ಲೆ ನಡೆದಿದೆ.' ಇದು ಯಾವುದೋ ಪತ್ರಿಕೆಯದಲ್ಲ, ನಿಮ್ಮದೇ. ಹಲ್ಲೆ ಮಳೆ ಬಂದ ಹಾಗೆ ತಾನಾಗಿ ನಡೆಯುವುದಿಲ್ಲ ಅಲ್ವಾ? ಜಗಳ ಆಡಿದವಳು ಇದ್ದಾಳೆ, ಹೊಡೆದವನು ಇಲ್ಲ. ಅದು ಗಂಡ ಅಂತ ತಿಳಿಯಲು ಮುಂದಿನ ಪ್ಯಾರಾದ ಕೊನೆಯವರೆಗೂ ಓದಬೇಕು. 'ಗಂಡ ಹೆಂಡತಿಗೆ ಸಾಯುವ ಹಾಗೆ ಹೊಡೆದಿದ್ದಾನೆ ಎಂದು ಪೊಲೀಸರು ಹೇಳಿದ್ದಾರೆ.' ಇಷ್ಟು ಸಾಕು. 'ಇಬ್ಬರು ಮಕ್ಕಳ ತಾಯಿ' ಯಾಕೆ? ಅವನೂ ಆ ಮಕ್ಕಳ ತಂದೆಯೇ, ಅದನ್ನು ನೀವು ಬರೆದಿಲ್ಲ. ಡೆಸ್ಕಿನಲ್ಲಿದ್ದಾಗ ನಾನೂ ಇಂಥ ಹೆಡ್ಡಿಂಗ್ ಕೊಟ್ಟಿದ್ದೇನೆ, ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಇನ್ನೊಂದು. ನೀವು ಮಾತಾಡಿಸಿದ ಐದೂ ತಜ್ಞರು ಗಂಡಸರು. ಅವರೆಲ್ಲ 'ಹೇಳುತ್ತಾರೆ', ಕೂಲಿ ಮಾಡುವ ಹೆಂಗಸು ಮಾತ್ರ 'ಹೇಳುತ್ತಾಳೆ'. ಆಕೆ ನಿಮ್ಮ ತಾಯಿಯ ವಯಸ್ಸಿನವರು ಅಂತ ನೀವೇ ಬರೆದಿದ್ದೀರಿ.

ಇಡೀ ಲೇಖನದಲ್ಲಿ ಜೀವ ಇರುವುದು ಕೊನೆಯಲ್ಲಿ, ಆ ವರದಿಗಾರ್ತಿಯ ಪ್ರಸಂಗದಲ್ಲಿ. ಅರ್ಥಶಾಸ್ತ್ರ ಓದಿದ ಆಕೆಯನ್ನು ಪ್ರತಿ ಬಜೆಟ್ ದಿನ 'ಗೃಹಿಣಿಯರ ಪ್ರತಿಕ್ರಿಯೆ' ತರಲು ಕಳಿಸುತ್ತಿದ್ದರು, ತೆರಿಗೆ ಲೆಕ್ಕಾಚಾರ ಬೇರೆಯವರ ಪಾಲಿಗೆ ಹೋಗುತ್ತಿತ್ತು. ನೀವು ಇದನ್ನು ಮೂರು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ! ಲೇಖನ ಇಲ್ಲಿಂದಲೇ ಶುರುವಾಗಲಿ. ಮತ್ತೆ ಹೋಗಿ ಅವರ ಜೊತೆ ಕೂತು ಮಾತಾಡಿ. ಅವತ್ತು ಸಂಪಾದಕರಿಗೆ ಏನು ಹೇಳಿದರು, ಯಾವ ವರದಿ ಬರೆಯಬೇಕು ಅಂತ ಇದ್ದರು, ಕೇಳಿ. ಆಮೇಲೆ ಯಾವುದಾದರೂ ಒಂದು ಪತ್ರಿಕೆಯ ಒಂದು ವಾರದ ಮುಖಪುಟ ಇಟ್ಟುಕೊಂಡು, ಯಾರ ಮಾತು ಉದ್ಧರಣ ಚಿಹ್ನೆಯೊಳಗೆ ಬಂದಿದೆ, ಯಾರದು ಬರೀ ಫೋಟೋ ಅಂತ ನೀವೇ ಎಣಿಸಿ.

1,200 ಪದ ಸಾಕು. ವರದಿಗಾರ್ತಿಯ ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ, ಬೇಡ ಅಂದರೆ ಬಿಡಿ. ಮುಂದಿನ ತಿಂಗಳವರೆಗೂ ಜಾಗ ಇಟ್ಟಿರುತ್ತೇನೆ.